ಪಾಲುದಾರರ ಬಾಯಿಮಾತು

ಪವನ್ ಕುಮಾರ್ ನಿರ್ದೇಶನದ 'ಲೂಸಿಯಾ' (2013) ಚಿತ್ರವನ್ನು ಕ್ರೌಡ್‌ಫಂಡಿಂಗ್‌ನ, ಎಂದರೆ ಪ್ರೇಕ್ಷಕರೇ ಸಣ್ಣಪುಟ್ಟ ಮೊತ್ತ ಕೂಡಿಸಿ ಬಂಡವಾಳ ಹೂಡುವ ಪದ್ಧತಿಯ, ಗೆಲುವೆಂದು ಕೊಂಡಾಡುವುದು ವಾಡಿಕೆ. ಹಣ ಹೇಗೆ ಬಂತೆಂಬುದಕ್ಕಿಂತಲೂ, ಹಣ ಕೊಟ್ಟವರೇ ಚಿತ್ರದ ಪ್ರಚಾರಕರೂ ಆದರೆಂಬ ಸಂಗತಿ ಹೆಚ್ಚು ವಿಮರ್ಶೆಯನ್ನು ಬೇಡುತ್ತದೆ. ಗಾಂಧಿನಗರದ ನಿರ್ಮಾಪಕರು ಹಿಂಜರಿದ ಕಥೆಯ ವಿಚಾರವನ್ನು ನಿರ್ದೇಶಕರು ತಮ್ಮ ಬ್ಲಾಗಿನಲ್ಲಿ ಬರೆದಾಗ, ಅದು ಫೇಸ್‌ಬುಕ್ಕಿನಲ್ಲಿ ಒಬ್ಬರಿಂದೊಬ್ಬರಿಗೆ ದಾಟಿ, ತಿಂಗಳೊಳಗೆ ನೂರಕ್ಕೂ ಹೆಚ್ಚು ಮಂದಿಯಿಂದ ಸುಮಾರು 50 ಲಕ್ಷ ರೂಪಾಯಿ ಕೂಡಿಬಂತು. ಚಿತ್ರೀಕರಣಕ್ಕೆ ಮುನ್ನವೇ ಅದನ್ನು ತಮ್ಮದೆನ್ನಬಲ್ಲ ಬಳಗವೊಂದು ಸಿದ್ಧವಾಗಿತ್ತು. 2013ರ ಜುಲೈನಲ್ಲಿ ಲಂಡನ್ನಿನ ಭಾರತೀಯ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಆಯ್ಕೆಯ ಪ್ರಶಸ್ತಿ ದೊರೆತಾಗ, ಸೆಪ್ಟೆಂಬರ್‌ನ ಬಿಡುಗಡೆಗೆ ಮೊದಲೇ ಸುದ್ದಿ ಹಬ್ಬಲು ಬೇಕಾದ ದಾರಿ ತೆರೆದೇ ಇತ್ತು.

ಎಲಿಹು ಕಾಟ್ಜ್ ಮತ್ತು ಪಾಲ್ ಲಾಜರ್ಸ್‌ಫೆಲ್ಡ್ 1955ರಲ್ಲಿ ವಿಸ್ತರಿಸಿದ ಎರಡು ಹಂತದ ಪ್ರಸರಣ ಸಿದ್ಧಾಂತದ ಪ್ರಕಾರ, ಮಾಧ್ಯಮದ ಮಾತು ಜನರನ್ನು ತಲುಪುವುದು ಬಹುಮಟ್ಟಿಗೆ ಅಭಿಪ್ರಾಯ ಮುಂದಾಳುಗಳ, ಅಂದರೆ ನೆರೆಹೊರೆಯಲ್ಲಿ ಮಾತಿಗೆ ತೂಕವಿರುವವರ, ಮೂಲಕ. ಹೊಗಳುವುದರಿಂದ ಅವರಿಗೇನೂ ಸಿಗುವುದಿಲ್ಲವೆಂಬ ನಂಬಿಕೆಯೇ ಆ ತೂಕಕ್ಕೆ ಒಂದು ಮುಖ್ಯ ಆಧಾರ. 'ಲೂಸಿಯಾ'ದ ಹೂಡಿಕೆದಾರರಿಗೆ ಲಾಭದಲ್ಲಿ ಪಾಲಿತ್ತು. ಹಾಗಿದ್ದೂ ಅವರ ಮಾತು ಜಾಹೀರಾತಾಗಿ ಕೇಳಿಸದಿದ್ದರೆ, ಆ ಪಾಲು ಮುಚ್ಚಿಟ್ಟದ್ದಾಗಿರದೆ ಅದೇ ಹೆಮ್ಮೆಯ ವಿಷಯವಾಗಿದ್ದುದು ಕಾರಣ. ಹಾಲಿವುಡ್ಡಿನ 'ಪ್ಯಾರಾನಾರ್ಮಲ್ ಆ್ಯಕ್ಟಿವಿಟಿ'ಯ ಪ್ರಚಾರ (2009) ಇದಕ್ಕೆ ಹೋಲಿಸಿದರೆ ತೆಳುವಾದದ್ದು: 10 ಲಕ್ಷ ಬೇಡಿಕೆಗಳು ದಾಖಲಾದರೆ ದೇಶದಾದ್ಯಂತ ಬಿಡುಗಡೆ ಎಂದು ಪ್ಯಾರಮೌಂಟ್ ಘೋಷಿಸಿ, ಗುಂಡಿ ಒತ್ತುವುದಷ್ಟನ್ನೇ ಜನರಿಗೆ ಬಿಟ್ಟಿತು. ಉಪಾಯ ಜಾಣತನದ್ದೇ, ಫಲವೂ ದೊರೆಯಿತು; ಆದರೆ ಅಲ್ಲಿ ಪ್ರೇಕ್ಷಕ ಕಳೆದುಕೊಳ್ಳುವಂಥದ್ದು ಏನೂ ಇರಲಿಲ್ಲ.

ಮುಂದೆ ಚಿತ್ರೋದ್ಯಮ ಹೆಚ್ಚಾಗಿ ಕಲಿತದ್ದು ಈ ಎರಡನೆಯ ಪಾಠವನ್ನೇ. ಮೊದಲ ಆಟ ಬಿಡುತ್ತಿದ್ದಂತೆ ಚಿತ್ರಮಂದಿರದ ಬಾಗಿಲಲ್ಲಿ ಮೈಕ್ ಹಿಡಿದು 'ಸೂಪರ್, ಬ್ಲಾಕ್‌ಬಸ್ಟರ್' ಎನ್ನಿಸಿಕೊಳ್ಳುವ ವಿಡಿಯೊಗಳಲ್ಲಿ ಮೆಚ್ಚುಗೆ ಯಾವುದು, ಏರ್ಪಾಡು ಯಾವುದು ಎಂಬುದು ನೋಡುವವರಿಗೆ ತಿಳಿಯುವುದಿಲ್ಲ. ಹಣ ಅಥವಾ ಉಡುಗೊರೆ ಪಡೆದ ಪ್ರಭಾವಿಗಳು ಅದನ್ನು ಸ್ಪಷ್ಟವಾಗಿ ನಮೂದಿಸಬೇಕೆಂದು ಭಾರತೀಯ ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿ ಮಾರ್ಗಸೂಚಿ ಹೊರಡಿಸಿತಾದರೂ, ಈ ಬಗೆಯ ಕೂಗಾಟಕ್ಕೆ ಅಂಥ ಚೀಟಿ ಅಂಟಿಸುವವರು ಯಾರು?

ಹಾಗೆಂದು 'ಲೂಸಿಯಾ'ವನ್ನು ಎಲ್ಲ ಕಾಲಕ್ಕೂ ಮಾದರಿಯೆನ್ನಲಾಗದು. ಆ ವರ್ಷಗಳಲ್ಲಿ ಕನ್ನಡದ ಫೇಸ್‌ಬುಕ್ ಬಳಗವೆಂದರೆ ಬಹುಪಾಲು ಬೆಂಗಳೂರಿನಲ್ಲೂ ಹೊರದೇಶಗಳಲ್ಲೂ ಇದ್ದ ವಿದ್ಯಾವಂತ ಉದ್ಯೋಗಸ್ಥರು. ತಾಲ್ಲೂಕು ಕೇಂದ್ರದ ಒಂಟಿಪರದೆಯ ಟಾಕೀಸಿನ ಪ್ರೇಕ್ಷಕರು ಈ ಸಂಭಾಷಣೆಯ ಹೊರಗೇ ಉಳಿದಿದ್ದರು, ಅವರನ್ನು ಕರೆತರಲು ಗೋಡೆಯ ಪೋಸ್ಟರೇ ಬೇಕಿತ್ತು.