ಸೊಲ್ಲು ಮತ್ತು ಪಾಸಕಾಲಿಯ: ಮರಳಿ ಬರುವುದರ ರೂಪವಿಚಾರ

ಜನಪದ ಕಥನಕಾವ್ಯಗಳನ್ನು ಕುರಿತ ಕನ್ನಡ ವಿಮರ್ಶೆಯಲ್ಲಿ ಪುನರಾವರ್ತನೆಯ ಪ್ರಶ್ನೆ ಎರಡು ನೆಲೆಗಳಲ್ಲಿ ಚರ್ಚೆಗೊಳಗಾಗುತ್ತ ಬಂದಿದೆ. ಅಲಂಕಾರಶಾಸ್ತ್ರದ ಸಂಸ್ಕಾರವುಳ್ಳವರಿಗೆ ಅದು ಪುನರುಕ್ತಿ, ಎಂದರೆ ಕಾವ್ಯದೋಷ. ಆಲ್ಬರ್ಟ್ ಲಾರ್ಡ್ ಅವರ 1960ರ ‘ದಿ ಸಿಂಗರ್ ಆಫ್ ಟೇಲ್ಸ್’ ಗ್ರಂಥದ ಮೌಖಿಕ ಸೂತ್ರ ಸಿದ್ಧಾಂತವನ್ನು ಒಪ್ಪಿದವರಿಗೆ ಅದು ಹಾಡುಗಾರನ ನೆನಪಿಗೆ ಊರುಗೋಲು. ಮೊದಲನೆಯ ನೆಲೆ ಪುನರಾವರ್ತನೆಯನ್ನು ಹಳಿಯುತ್ತದೆ, ಎರಡನೆಯದು ಅದನ್ನು ಕ್ಷಮಿಸುತ್ತದೆ. ಆದರೆ ಎರಡೂ ಮುಖ್ಯ ಹಾಡುಗಾರನ ಬಾಯಿಯಲ್ಲಿ ಮರಳಿ ಬರುವ ಮಾತನ್ನಷ್ಟೇ ಗಮನಿಸುತ್ತವೆ. ಹಿಮ್ಮೇಳದವರ ಬಾಯಿಯಲ್ಲಿ, ಪ್ರತಿ ಸಾಲಿನ ಬೆನ್ನಿಗೆ, ಇರುಳಿಡೀ ಮರಳಿ ಬರುವ ಸೊಲ್ಲಿನ ವಿಷಯದಲ್ಲಿ ಎರಡೂ ಮೌನವಾಗಿವೆ. ಸೊಲ್ಲು ಹಾಡುಗಾರನ ನೆನಪಿಗೆ ಸೇರಿದ್ದಲ್ಲ. ಅದನ್ನು ಹಿಡಿಯುವವರು ಬೇರೆಯವರು. ಆದ್ದರಿಂದ ಅದನ್ನು ನೆನಪಿನ ಸಾಧನವೆಂದು ವಿವರಿಸಲು ಬರುವುದಿಲ್ಲ. ಅದನ್ನು ರೂಪವೆಂದೇ ಪರಿಶೀಲಿಸಬೇಕಾಗುತ್ತದೆ.

ಮದ್ದೂರಿನ ಬಳಿಯ ವೈದ್ಯನಾಥಪುರದಿಂದ ಶಿಂಷಾ ನದಿಯ ಜಾಡು ಹಿಡಿದು ಕೆಳಗಿಳಿದರೆ ಮಳವಳ್ಳಿ ಸೀಮೆ ಸಿಗುತ್ತದೆ. ಮಂಟೇಸ್ವಾಮಿ ಪರಂಪರೆಯ ಮುಖ್ಯ ನೆಲೆಗಳಲ್ಲಿ ಒಂದಾದ ಬೊಪ್ಪೇಗೌಡನಪುರ ಇರುವುದು ಇಲ್ಲಿಯೇ. ಮಂಟೇಸ್ವಾಮಿ, ರಾಚಪ್ಪಾಜಿ, ಸಿದ್ದಪ್ಪಾಜಿಯರ ಕಥೆಯನ್ನು ತಂಬೂರಿ, ಗಗ್ಗರ, ದಮ್ಮಡಿ, ತಾಳಗಳೊಡನೆ ಹಾಡುವ ನೀಲಗಾರರೂ ಮಾದೇಶ್ವರನ ಕಥೆಯನ್ನು ಕಂಸಾಳೆ ಹಿಡಿದು ಹಾಡುವ ದೇವರಗುಡ್ಡರೂ ಈ ಸೀಮೆಯ ಊರುಗಳಿಗೆ ಹೊಸಬರಲ್ಲ. ಎರಡು ಪರಂಪರೆಗಳಲ್ಲೂ ಕಥೆಯ ಘಟಕಕ್ಕೆ ‘ಸಾಲು’ ಎಂದು ಹೆಸರು. ಆ ಸಾಲನ್ನು ಎತ್ತಿ ನಿಲ್ಲಿಸುವುದು ಸೊಲ್ಲು. ಇದೇ ಜಿಲ್ಲೆಯವರಾದ ಜೀ.ಶಂ. ಪರಮಶಿವಯ್ಯನವರು ‘ದಕ್ಷಿಣ ಕರ್ನಾಟಕದ ಜನಪದ ಕಾವ್ಯಪ್ರಕಾರಗಳು’ ಗ್ರಂಥದ ಮೂಲಕ ಈ ವೃತ್ತಿಗಾಯಕರ ಕಡೆಗೆ ವಿದ್ವಾಂಸರ ಗಮನ ಸೆಳೆದರು. ಅನಂತರ ನಡೆದ ಕೆಲಸದ ಬಹುಭಾಗ ಪಠ್ಯಸಂಗ್ರಹದ ಕಡೆಗೆ ವಾಲಿತು. ಸಂಗೀತರಚನೆಯ ವಿಶ್ಲೇಷಣೆ ಅದಕ್ಕೆ ಸಮವಾಗಿ ಬೆಳೆಯಲಿಲ್ಲ.

ಸೊಲ್ಲಿನ ಸ್ವರೂಪವನ್ನು ಅರಿಯಲು ದೂರದ ಒಂದು ರೂಪ ನೆರವಾಗುತ್ತದೆ. ಯುರೋಪಿನ ಬರೋಕ್ ಯುಗದ ಪಾಸಕಾಲಿಯ ಎಂಬುದು ಒಂದು ಚಿಕ್ಕ ಮಂದ್ರಸ್ವರಪಂಕ್ತಿಯನ್ನು ಬಿಡದೆ ಆವರ್ತಿಸುತ್ತ, ಅದರ ಮೇಲೆ ಹೊಸ ಹೊಸ ಸ್ವರವಿನ್ಯಾಸಗಳನ್ನು ಕಟ್ಟುವ ರಚನೆ. ಶಕಾನ್ ಎಂಬುದು ಅದರ ಒಡಹುಟ್ಟು. ಇವೆರಡರ ನಡುವಣ ಗೆರೆಯನ್ನು ಆ ಕಾಲದ ಶಾಸ್ತ್ರಕಾರರೂ ಒಮ್ಮತದಿಂದ ಎಳೆಯಲಾರದೆ ಹೋದರು. ಬೊಹೆಮಿಯಾ ಮೂಲದ ಸಂಗೀತಗಾರ ಬೀಬರ್ ಸುಮಾರು 1676ರಲ್ಲಿ ಒಂಟಿ ಪಿಟೀಲಿಗೆಂದು ರಚಿಸಿದ ಪಾಸಕಾಲಿಯದಲ್ಲಿ ಇಳಿಯುವ ನಾಲ್ಕೇ ಸ್ವರಗಳು 65 ಬಾರಿ ಮರಳುತ್ತವೆ. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಅವು ನಟಭೈರವಿ ಮೇಳದ ಅವರೋಹಣದ ಮೊದಲ ನಾಲ್ಕು ಸ್ವರಗಳು: ಸ, ನಿ, ದ, ಪ. ಬಾಖ್‌ನ ಸಿ ಮೈನರ್ ಪಾಸಕಾಲಿಯದಲ್ಲಿ ಎಂಟು ಗತಿಗಳ ಒಂದು ಪಂಕ್ತಿಯ ಮೇಲೆ ಇಪ್ಪತ್ತು ವಿನ್ಯಾಸಗಳು ನಡೆದು, ಕೊನೆಗೆ ಅದೇ ಪಂಕ್ತಿಯ ಪೂರ್ವಾರ್ಧವು ಫ್ಯೂಗ್ ಆಗಿ ಬೆಳೆಯುತ್ತದೆ. ನಡುವೆ ಪಂಕ್ತಿ ಮಂದ್ರವನ್ನು ಬಿಟ್ಟು ಮೇಲಿನ ಧ್ವನಿಗೆ ಏರುವುದೂ ಉಂಟು, ಬಿಡಿಸ್ವರಗಳ ನಡುವೆ ಅಡಗುವುದೂ ಉಂಟು. ಆದರೂ ಅದು ಕಳೆದುಹೋಯಿತೆಂದು ಕೇಳುಗನಿಗೆ ಅನ್ನಿಸುವುದಿಲ್ಲ. ಮೈಸೂರು ಪ್ರಾಂತಕ್ಕೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಪರಿಚಯವೇ ಇರಲಿಲ್ಲವೆಂದಲ್ಲ. ಜಯಚಾಮರಾಜ ಒಡೆಯರು ಸ್ವತಃ ಪಿಯಾನೋ ಅಭ್ಯಾಸ ಮಾಡಿದ್ದರು. 1940ರ ದಶಕದ ಕೊನೆಯಲ್ಲಿ ರಷ್ಯನ್ ರಚನಕಾರ ಮೆಡ್ಟ್‌ನರನ ಕೃತಿಗಳ ಧ್ವನಿಮುದ್ರಣಕ್ಕೆ ನೆರವಾದರು. ಆದರೆ ಅರಮನೆಯ ಆ ಅರಿವಿಗೂ ಅರಮನೆಯಿಂದ ಹೆಚ್ಚು ದೂರವಿಲ್ಲದ ಹಳ್ಳಿಗಳ ಹಾಡಿಗೂ ವಿಮರ್ಶೆಯಲ್ಲಿ ಸಂಬಂಧ ಬೆಳೆಯಲಿಲ್ಲ.

ಹೋಲಿಕೆಗೆ ತೊಡಗುವವರು ಮೊದಲು ತಂಬೂರಿಯ ಶ್ರುತಿಯನ್ನು ಮುಂದಿಡುವುದು ಸಹಜ. ಅದು ಸರಿಯಲ್ಲ. ಶ್ರುತಿ ಚಲಿಸುವುದಿಲ್ಲ; ಪಾಸಕಾಲಿಯದ ಪಂಕ್ತಿ ಹೊರಟು, ನಡೆದು, ಮರಳುತ್ತದೆ. ಹಿಂದೂಸ್ತಾನಿ ತಬಲಾವಾದನದ ಲಹರಾ ಇನ್ನೂ ಹತ್ತಿರದ್ದು, ಏಕೆಂದರೆ ಅಲ್ಲಿ ಸಾರಂಗಿಯೋ ಹಾರ್ಮೋನಿಯಮ್ಮೋ ಒಂದೇ ಸ್ವರಪಂಕ್ತಿಯನ್ನು ಆವರ್ತಿಸುತ್ತಿರಲು ತಬಲಾ ಅದರ ಮೇಲೆ ವಿಸ್ತಾರಗೊಳ್ಳುತ್ತದೆ. ಆದರೆ ಲಹರಾಕ್ಕೆ ಮಾತಿಲ್ಲ. ಸೊಲ್ಲಿಗೆ ಸಮೀಪವಾದುದು ಪಾಸಕಾಲಿಯದ ಪ್ರೌಢರೂಪವಲ್ಲ, ಅದರ ಬಾಲ್ಯ. ಹೆಸರಿನ ಮೂಲ ‘ಬೀದಿಯಲ್ಲಿ ನಡೆ’ ಎಂಬರ್ಥದ ಸ್ಪ್ಯಾನಿಷ್ ಪದಗಳಲ್ಲಿದೆ. 17ನೆಯ ಶತಮಾನದ ಆರಂಭದಲ್ಲಿ ಅದು ಸ್ವತಂತ್ರ ಕೃತಿಯೇ ಆಗಿರಲಿಲ್ಲ. ಹಾಡಿನ ಒಂದು ನುಡಿಗೂ ಮುಂದಿನ ನುಡಿಗೂ ನಡುವೆ ಗಿಟಾರಿನ ತಂತಿಗಳನ್ನು ಬಾರಿಸುತ್ತ ತುಂಬುತ್ತಿದ್ದ ಮರುನುಡಿ ಅದು. ಇಟಲಿಯಲ್ಲಿ 1606ರ ಗಿಟಾರ್ ಪಾಠಪುಸ್ತಕದಲ್ಲಿ ಅದು ಕಾಣಸಿಗುವುದೂ ಹೀಗೆಯೇ. 1627ರ ಹೊತ್ತಿಗೆ ಫ್ರೆಸ್ಕೊಬಾಲ್ಡಿಯ ಕೈಯಲ್ಲಿ ಅದು ವಿನ್ಯಾಸಗಳ ಸರಣಿಯಾಯಿತು. ಎರಡು ನುಡಿಗಳ ನಡುವೆ ಇದ್ದದ್ದು ನುಡಿಯ ಕೆಳಗೆ ಇಳಿದುಬಂದಿತು. ಸೊಲ್ಲು ಮಾತ್ರ ನಡುವೆಯೇ ಉಳಿಯಿತು. ಎರಡು ರೂಪಗಳು ಕವಲೊಡೆಯುವುದು ಈ ಬಿಂದುವಿನಲ್ಲಿ.

ಈ ಕವಲಿನ ಪರಿಣಾಮ ದೊಡ್ಡದು. ನುಡಿಯ ಕೆಳಗಿಳಿದ ಮಂದ್ರಪಂಕ್ತಿ ಯಾರಿಗಾಗಿಯೂ ಕಾಯುವುದಿಲ್ಲ. ಪರ್ಸೆಲ್‌ನ ‘ಡೈಡೊ ಅಂಡ್ ಈನಿಯಸ್’ ಗೀತನಾಟಕದಲ್ಲಿ ಸಾಯಲಿರುವ ರಾಣಿಯ ಹಾಡಿನ ಚರಣಗಳು ಮಂದ್ರದ ಐದು ಗತಿಗಳ ಪಂಕ್ತಿ ಮುಗಿಯುವಲ್ಲಿಯೇ ಮುಗಿಯುವುದಿಲ್ಲ. ಪಂಕ್ತಿ ತನ್ನ ಪಾಡಿಗೆ ತಾನು ಇಳಿಯುತ್ತಿರುತ್ತದೆ, ರಾಣಿಯ ದನಿ ಅದರ ಅಂಚನ್ನು ದಾಟಿ ನಿಲ್ಲುತ್ತದೆ. ಸೊಲ್ಲಾದರೋ ಕಾಯುತ್ತದೆ. ಅದರ ಅಳತೆ ಗೊತ್ತಾದದ್ದು, ಆದರೆ ಎರಡು ಸೊಲ್ಲುಗಳ ನಡುವಣ ಕಾಲ ಗೊತ್ತಾದದ್ದಲ್ಲ. ಹಾಡುಗಾರನು ಸಾಲನ್ನು ಹಿಗ್ಗಿಸಬಹುದು, ಹಾಡನ್ನು ಬಿಟ್ಟು ಮಾತಿಗೆ ಇಳಿಯಬಹುದು, ಎದುರಿಗೆ ಕುಳಿತವರನ್ನು ಕೆಣಕಿ ಮತ್ತೆ ಕಥೆಗೆ ಬರಬಹುದು. ಹಿಮ್ಮೇಳವು ಅವನ ಉಸಿರನ್ನು ಗಮನಿಸುತ್ತಿದ್ದು, ಸಾಲು ಬಾಗುವಲ್ಲಿ ಸೊಲ್ಲನ್ನು ಎತ್ತಿಕೊಳ್ಳುತ್ತದೆ.

ಆದರೆ ಪಶ್ಚಿಮದಲ್ಲಿಯೂ ಈ ಭೇದ ಅಳಿದುಹೋಗುವ ಒಂದು ಕೃತಿ ಇದೆ. 1638ರಲ್ಲಿ ಪ್ರಕಟವಾದ ಮಾಂಟೆವೆರ್ಡಿಯ ಎಂಟನೆಯ ಮ್ಯಾಡ್ರಿಗಲ್ ಸಂಪುಟದಲ್ಲಿರುವ ‘ಅಪ್ಸರೆಯ ಪ್ರಲಾಪ’ದಲ್ಲಿ ಪ್ರಿಯನಿಂದ ತೊರೆಯಲ್ಪಟ್ಟವಳ ಅಳಲಿಗೆ ಇಳಿಯುವ ನಾಲ್ಕು ಸ್ವರಗಳ ಮಂದ್ರಪಂಕ್ತಿ ಆಧಾರವಾಗಿದೆ. ಅವಳೊಡನೆ ಮೂವರು ಪುರುಷರ ದನಿಗಳಿವೆ. ಅವರು ಕಥೆಯಲ್ಲಿ ಏನನ್ನೂ ಮಾಡುವುದಿಲ್ಲ, ನಡುನಡುವೆ ಅವಳಿಗಾಗಿ ಮರುಗುತ್ತಾರೆ. ಮಾಂಟೆವೆರ್ಡಿ ಕೊಟ್ಟಿರುವ ಸೂಚನೆ ಇನ್ನೂ ಗಮನಾರ್ಹ: ಪುರುಷರು ಕೈತಾಳಕ್ಕೆ ಸರಿಯಾಗಿ ಹಾಡತಕ್ಕದ್ದು, ಪ್ರಲಾಪವನ್ನು ಮಾತ್ರ ಕೈತಾಳಕ್ಕೆ ಕಟ್ಟದೆ ಮನಸ್ಸಿನ ಭಾವದ ಗತಿಗೆ ಹಾಡತಕ್ಕದ್ದು. ನೀಲಗಾರರ ಅಥವಾ ಕಂಸಾಳೆಯವರ ಮೇಳವನ್ನು ಒಂದು ಇರುಳು ಕೇಳಿದವರಿಗೆ ಈ ಸೂಚನೆ ವಿದೇಶದ್ದೆಂದು ತೋರುವ ಸಂಭವವಿಲ್ಲ.

ಮಾದೇಶ್ವರ ಕಾವ್ಯದ ಸಂಕಮ್ಮನ ಸಾಲನ್ನು ಈ ಬೆಳಕಿನಲ್ಲಿ ನೋಡಬಹುದು. ಕಾಡಿಗೆ ಹೊರಟ ನೀಲೇಗೌಡನು ಹೆಂಡತಿಯ ಶೀಲವನ್ನು ಶಂಕಿಸಿ, ಆಣೆಭಾಷೆ ಕೇಳಿ, ಅವಳನ್ನು ಹಿಂಸೆಗೆ ಗುರಿಮಾಡುತ್ತಾನೆ. ಅಸಹಾಯಕಳಾದ ಅವಳು ಮಾದಪ್ಪನನ್ನು ನೆನೆಯುತ್ತಾಳೆ; ಅವನು ಬರುವುದು ಆಮೇಲೆ. ಪುಟದ ಮೇಲೆ ಇದು ಕ್ರೌರ್ಯ, ಮೊರೆ, ಪರಿಹಾರ ಎಂಬ ಸರಳರೇಖೆಯಂತೆ ಕಾಣುತ್ತದೆ. ಹಾಡಿಕೆಯಲ್ಲಿ ಹಾಗಿಲ್ಲ. ಸೊಲ್ಲು ದೇವರನ್ನು ಕರೆಯುವ ಮಾತು. ಹಾಡುಗಾರನು ಗಂಡನ ಹಿಂಸೆಯನ್ನು ಒಂದೊಂದೇ ಸಾಲಾಗಿ ವರ್ಣಿಸುತ್ತಿರುವಾಗ, ಸಂಕಮ್ಮ ಇನ್ನೂ ಬಾಯಿ ತೆರೆಯದಿರುವಾಗಲೇ, ಹಿಮ್ಮೇಳವು ಪ್ರತಿ ಸಾಲಿನ ಕೊನೆಗೂ ಆ ದೇವರನ್ನು ಕರೆಯುತ್ತಿರುತ್ತದೆ. ಕಥೆಯೊಳಗೆ ದೇವರು ಬಂದಿಲ್ಲ. ಹಾಡಿನೊಳಗೆ ಅವನ ಹೆಸರು ಒಂದು ಗಳಿಗೆಯೂ ನಿಂತಿಲ್ಲ. ಈ ಸಾಲಿನ ಕರುಣ ಹುಟ್ಟುವುದು ಮುಖ್ಯವಾಗಿ ಈ ಅಂತರದಿಂದ. ಸೊಲ್ಲನ್ನು ಕಳೆದರೆ ಉಳಿಯುವುದು ಸಂಗತಿಗಳ ವರದಿ.

ಕುಣಿತದ ವಿಷಯ ಸ್ವಲ್ಪ ಬೇರೆ. ಪಾಸಕಾಲಿಯ ನೃತ್ಯವೂ ಆಗಿತ್ತು. ಲಲ್ಲಿಯ 1686ರ ‘ಆರ್ಮೀಡ್’ ಗೀತನಾಟಕದ ಐದನೆಯ ಅಂಕದಲ್ಲಿ ಅದು ಮೂರರ ಲಯದಲ್ಲಿ ದೀರ್ಘವಾಗಿ ರಂಗದ ಮೇಲೆ ನಡೆಯುತ್ತದೆ. ಬಾಖ್‌ನ ಆರ್ಗನ್ ಕೃತಿಗೆ ಬರುವ ವೇಳೆಗೆ ಕುಣಿಯುವವರಿಲ್ಲ, ಕುಳಿತು ಕೇಳುವವರಿದ್ದಾರೆ. ಆ ಕೃತಿಯ ಮಂದ್ರಪಂಕ್ತಿಯನ್ನು ಮೊದಲಿಗೆ ನುಡಿಸುವುದು ಕಾಲಿನ ಪಟ್ಟಿಗಳಿಂದ ಎಂಬುದನ್ನು ನೆನೆದರೆ, ಕುಣಿತ ಹೋದರೂ ಕಾಲು ಉಳಿಯಿತೆನ್ನಬಹುದು. ಕಂಸಾಳೆಯ ಇತ್ತೀಚಿನ ಚರಿತ್ರೆ ಇದಕ್ಕೆ ವಿರುದ್ಧ ದಿಕ್ಕಿನದು. ಕುಳಿತು ಹಾಡುವ ಕಥನವೂ ನಿಂತು ಆಡುವ ಬೀಸು ಕಂಸಾಳೆಯೂ ಒಂದೇ ಪರಂಪರೆಯ ಎರಡು ಮುಖಗಳು. ಉತ್ಸವಗಳ ಮೆರವಣಿಗೆಗಳೂ ಕೆಲವು ನಿಮಿಷಗಳ ವೇದಿಕೆ ಪ್ರದರ್ಶನಗಳೂ ಎರಡನೆಯದನ್ನು ಆರಿಸಿಕೊಂಡವು. ಲಯ ಹಂತಹಂತವಾಗಿ ಏರಿ ಶಿಖರ ಮುಟ್ಟುವ ಗುಣ ಅದಕ್ಕಿರುವುದರಿಂದ ಕಡಿಮೆ ಅವಧಿಗೆ ಅದು ಹೊಂದುತ್ತದೆ. ಇಲ್ಲಿ ಕುಣಿತ ಉಳಿದು ಕಥೆ ಹಿಂದೆ ಸರಿಯಿತು, ಸೊಲ್ಲು ಘೋಷಣೆಗೆ ಸಮೀಪವಾಯಿತು. ಕಲಾವಿದರನ್ನು ಇದಕ್ಕೆ ಹೊಣೆ ಮಾಡುವುದು ನ್ಯಾಯವಲ್ಲ. ಅವರಿಗೆ ದೊರೆಯುವ ಕಾಲವೇ ಅಷ್ಟು.

ಪಠ್ಯಸಂಪಾದನೆಯ ಹೊಣೆ ಮಾತ್ರ ಬೇರೆಯವರದು. 1973ರಲ್ಲಿ ಪಿ.ಕೆ. ರಾಜಶೇಖರ ಅವರ ಸಂಪಾದನೆಯಲ್ಲಿ ಮಾದೇಶ್ವರ ಕಾವ್ಯ ಬೃಹತ್ ಪ್ರಮಾಣದಲ್ಲಿ ಬೆಳಕು ಕಂಡಿತು. ಅಲ್ಲಿಂದೀಚೆಗೆ ಮಂಟೇಸ್ವಾಮಿ ಕಾವ್ಯದ ಪಾಠಗಳೂ ಬಂದಿವೆ. ಈ ಶ್ರಮವಿಲ್ಲದಿದ್ದರೆ ಚರ್ಚೆಗೆ ಆಧಾರವೇ ಇರುತ್ತಿರಲಿಲ್ಲ. ಆದರೂ ಜನಪದ ಗೀತೆಗಳ ಮುದ್ರಣದಲ್ಲಿ ಸಾಮಾನ್ಯವಾಗಿ ನೆಲೆಗೊಂಡ ಒಂದು ರೂಢಿಯನ್ನು ಪ್ರಶ್ನಿಸಬೇಕಾಗಿದೆ. ಸೊಲ್ಲನ್ನು ಆರಂಭದಲ್ಲಿ ಒಮ್ಮೆ ಅಚ್ಚುಮಾಡಿ, ಮುಂದಕ್ಕೆ ಬಿಟ್ಟುಬಿಡುವುದೇ ಆ ರೂಢಿ. ಕಾಗದದ ಮಿತವ್ಯಯಕ್ಕೆ ಇದು ಅನಿವಾರ್ಯವೆನಿಸಿರಬಹುದು. ಬೀಬರನ ನಾಲ್ಕು ಸ್ವರಗಳನ್ನು ಮೊದಲ ಪುಟದಲ್ಲಿ ಒಮ್ಮೆ ಬರೆದು ಮುಂದಿನ ಪುಟಗಳಲ್ಲಿ ಮೇಲಿನ ವಿನ್ಯಾಸಗಳನ್ನಷ್ಟೇ ಮುದ್ರಿಸಿದ್ದರೆ, ಆ ಕೃತಿಯನ್ನು ಓದುವವರಿಗೆ ಅದು ಗೊತ್ತುಗುರಿಯಿಲ್ಲದ ಅಲಂಕಾರಗಳ ಸಾಲಾಗಿ ಕಾಣುತ್ತಿತ್ತು. ನಮ್ಮ ಕಥನಕಾವ್ಯಗಳ ಮೇಲೆ ಬಂದಿರುವ ‘ಎಳೆತ’, ‘ಶಿಥಿಲಬಂಧ’ ಮುಂತಾದ ಆಕ್ಷೇಪಗಳಲ್ಲಿ ಎಷ್ಟು ಪಾಲು ಕಾವ್ಯದ್ದು, ಎಷ್ಟು ಪಾಲು ಅಚ್ಚಿನದು ಎಂಬುದನ್ನು ಬಿಡಿಸಿ ನೋಡಬೇಕು.

ಮಳವಳ್ಳಿ ಮಹದೇವಸ್ವಾಮಿ ಅವರಂಥ ಗಾಯಕರ ಧ್ವನಿಮುದ್ರಣಗಳು ಲಭ್ಯವಿರುವಾಗ ಈ ಕೆಲಸಕ್ಕೆ ತಾಂತ್ರಿಕ ಅಡ್ಡಿಯಿಲ್ಲ. ಧ್ವನಿಸುರುಳಿಯೂ ತನ್ನ ಅಳತೆಗೆ ಕಥೆಯನ್ನು ಕತ್ತರಿಸುತ್ತದೆ, ನಿಜ. ಆದರೆ ಸೊಲ್ಲನ್ನು ಅಳಿಸುವುದಿಲ್ಲ. ಹೊಸ ಸಂಪಾದಕನು ಸೊಲ್ಲು ಬರುವ ಪ್ರತಿಯೊಂದು ಎಡೆಯನ್ನೂ ಪುಟದ ಅಂಚಿನಲ್ಲಿ ಒಂದು ಚಿಹ್ನೆಯಿಂದ ತೋರಿಸಬಹುದು. ಎರಡು ಸೊಲ್ಲುಗಳ ನಡುವೆ ಹಾಡುಗಾರನು ತೆಗೆದುಕೊಂಡ ಕಾಲವನ್ನು ಸೆಕೆಂಡುಗಳಲ್ಲಿ ಗುರುತಿಸಬಹುದು. ಸೊಲ್ಲು ಬದಲಾಗುವ ಎಡೆ, ಹಿಮ್ಮೇಳವು ಸಾಲಿನ ಕೊನೆಯ ಪದವನ್ನು ಹಾಡುಗಾರನ ಬಾಯಿಂದಲೇ ಕಸಿದುಕೊಳ್ಳುವ ಎಡೆ, ಹಾಡು ಮಾತಿಗಿಳಿದಾಗ ಸೊಲ್ಲು ಸುಮ್ಮನಾಗುವ ಎಡೆ, ಇವುಗಳಿಗೆ ಬೇರೆ ಬೇರೆ ಗುರುತುಗಳು ಬೇಕಾಗುತ್ತವೆ. ಇವುಗಳಲ್ಲಿ ಕೊನೆಯದು ಎಲ್ಲಕ್ಕಿಂತ ಅಗತ್ಯವಾದುದು, ಏಕೆಂದರೆ ಸಂಕಮ್ಮನ ಸಾಲಿನಂಥ ಕಡೆ ಸೊಲ್ಲು ಎಲ್ಲಿ ಸುಮ್ಮನಾಯಿತೆಂಬುದು ತಿಳಿಯದೆ ಆ ದೃಶ್ಯವನ್ನು ಅರ್ಥೈಸಲು ಬರುವುದಿಲ್ಲ.