ಸ್ಟೆಪ್ನಿಯಲ್ಲಿ ಗಾಳಿ ಇದೆಯೇ?

2023ರ ಅಕ್ಟೋಬರ್ 14ರಂದು ಸಿಂಗಪುರದ ಒಂದು ಡೇಟಾ ಸೆಂಟರ್‌ನಲ್ಲಿ ತಂಪು ಮಾಡುವ ವ್ಯವಸ್ಥೆ ಕೈಕೊಟ್ಟಿತು. ಅಲ್ಲಿದ್ದ ಡಿಬಿಎಸ್ ಮತ್ತು ಸಿಟಿಬ್ಯಾಂಕ್ ಸರ್ವರ್‌ಗಳಿಗೆ ಕಾವೇರಿತು. ಎರಡೂ ಬ್ಯಾಂಕುಗಳಿಗೆ ಬೇರೆಡೆ ಬದಲಿ ಕೇಂದ್ರಗಳಿದ್ದವು, ಎರಡೂ ಅತ್ತ ಹೊರಳಲು ನೋಡಿದವು. ಡಿಬಿಎಸ್‌ಗೆ ನೆಟ್‌ವರ್ಕ್ ಸೆಟ್ಟಿಂಗ್ ತಪ್ಪಾಗಿತ್ತು. ಸಿಟಿಗೆ ಸಂಪರ್ಕವೇ ಸರಿಯಾಗಿ ಸಿಗಲಿಲ್ಲ. ಸುಮಾರು 25 ಲಕ್ಷ ಪಾವತಿ ಹಾಗೂ ಎಟಿಎಂ ವ್ಯವಹಾರಗಳು ನಡೆಯಲಿಲ್ಲ. ಡಿಕ್ಕಿಯಲ್ಲಿ ಸ್ಟೆಪ್ನಿ ಇತ್ತು, ಗಾಳಿ ನೋಡಿದವರಿರಲಿಲ್ಲ.

ದುಡ್ಡಿಗೆ ಬರವಿಲ್ಲದ ಬ್ಯಾಂಕುಗಳ ಪಾಡೇ ಇದು. ಹೀಗಿರುವಾಗ, ಕ್ಲೌಡ್‌ಗೆ ಹೋದರೆ ವಿಪತ್ತಿನ ಚಿಂತೆ ತೀರಿತು ಎಂದು ಮಾರಾಟಗಾರರು ಹೇಳಿದರೆ ನನಗೆ ಅನುಮಾನವೇ ಹೆಚ್ಚು. ನಕಲು ಇಡುವುದನ್ನು ಕ್ಲೌಡ್ ಸುಲಭ ಮಾಡಿದೆ, ನಿಜ. ಆದರೆ ಒಂದೇ ಖಾತೆಯೊಳಗೆ ಎಷ್ಟು ನಕಲುಗಳಿದ್ದರೂ ಅವುಗಳ ಹಣೆಬರಹ ಒಂದೇ ಆಗಬಹುದು. 2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಪಿಂಚಣಿ ನಿಧಿ ಯೂನಿಸೂಪರ್‌ಗೆ ಆದದ್ದು ಇದೇ. ಗೂಗಲ್ ಕ್ಲೌಡ್ ಕಡೆಯವರು ಒಂದು ಆಯ್ಕೆಯನ್ನು ಖಾಲಿ ಬಿಟ್ಟಿದ್ದರಿಂದ ಅದರ ಒಂದು ಖಾಸಗಿ ಕ್ಲೌಡ್ ವರ್ಷದ ಅವಧಿ ಮುಗಿದೊಡನೆ ತಾನಾಗಿಯೇ ಅಳಿಸಿಹೋಯಿತು, ಜೋಡಿ ನಕಲನ್ನೂ ಸೇರಿಸಿ. ಬೇರೊಂದು ಕಂಪನಿಯಲ್ಲಿ ಬ್ಯಾಕಪ್ ಇಟ್ಟಿದ್ದದ್ದು ನೆರವಿಗೆ ಬಂತು. ಆದರೂ ಆರು ಲಕ್ಷಕ್ಕೂ ಹೆಚ್ಚು ಸದಸ್ಯರಿಗೆ ಒಂದು ವಾರ ತಮ್ಮ ಖಾತೆ ಕಾಣಿಸಲಿಲ್ಲ.

ನಮ್ಮ ರಿಸರ್ವ್ ಬ್ಯಾಂಕಿನ ನಿಯಮ ಬದಲಿ ವ್ಯವಸ್ಥೆಯನ್ನು ಪರೀಕ್ಷಿಸುವ ವಿಷಯದಲ್ಲಿ ಮೆಚ್ಚಬೇಕಾದದ್ದೇ. 2024ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಐಟಿ ಆಡಳಿತ ನಿರ್ದೇಶನದ ಪ್ರಕಾರ ಮುಖ್ಯ ವ್ಯವಸ್ಥೆಗಳಿಗೆ ಆರು ತಿಂಗಳಿಗೊಮ್ಮೆಯಾದರೂ ಡಿಆರ್ (ವಿಪತ್ತು ಚೇತರಿಕೆ) ಡ್ರಿಲ್ ಆಗಬೇಕು. ಅಷ್ಟೇ ಅಲ್ಲ, ಬೆಳಗ್ಗಿನ ಶುರುವಿನಿಂದ ಡೇ ಎಂಡ್‌ವರೆಗೆ ಕನಿಷ್ಠ ಒಂದು ಪೂರ್ತಿ ಕೆಲಸದ ದಿನವನ್ನು ಬದಲಿ ಕೇಂದ್ರದಿಂದಲೇ ನಡೆಸಬೇಕು. ಇಡೀ ದಸ್ತಾವೇಜಿನಲ್ಲಿ ನನಗೆ ಬಹಳ ಹಿಡಿಸಿದ ಮಾತು ಇದು. ರಜೆಯ ರಾತ್ರಿ ಎಲ್ಲರಿಗೂ ಮೊದಲೇ ಹೇಳಿ, ಎರಡು ತಾಸು ಹೊರಳಿಸಿ, ವಾಪಸು ಬಂದು 'ಯಶಸ್ವಿ' ಎಂದು ವರದಿ ಬರೆಯುವ ಶಾಸ್ತ್ರಕ್ಕೆ ಅದು ಅವಕಾಶ ಕೊಡುವುದಿಲ್ಲ. ಸಂಬಳದ ದಿನದ ನೂಕುನುಗ್ಗಲನ್ನು ಬದಲಿ ಸರ್ವರ್ ತಾಳುತ್ತದೋ ಇಲ್ಲವೋ ಎಂಬುದು ಭಾನುವಾರ ರಾತ್ರಿ ಗೊತ್ತಾಗುವುದು ಹೇಗೆ?

ಕೊರತೆಯಿರುವುದು ನಿಯಮದ ವ್ಯಾಪ್ತಿಯಲ್ಲಿ. ಪ್ರಾದೇಶಿಕ ಗ್ರಾಮೀಣ ಬ್ಯಾಂಕುಗಳು, ಸಹಕಾರಿ ಬ್ಯಾಂಕುಗಳು ಈ ನಿರ್ದೇಶನದ ಹೊರಗಿವೆ. ಅದೇ ವರ್ಷದ ಜುಲೈ ಕೊನೆಗೆ ಏಟು ಬಿದ್ದದ್ದೂ ಅವುಗಳಿಗೇ. ಅವಕ್ಕೆ ತಂತ್ರಜ್ಞಾನ ಒದಗಿಸುವ ಸಿ-ಎಡ್ಜ್ ಕಂಪನಿಗೆ ರಾನ್ಸಮ್‌ವೇರ್ ದಾಳಿಯಾಯಿತು. ಸೋಂಕು ಹರಡದಿರಲೆಂದು ಪಾವತಿ ಜಾಲ ನಡೆಸುವ ಎನ್‌ಪಿಸಿಐ ಅದನ್ನು ಜಾಲದಿಂದ ಬೇರ್ಪಡಿಸಿತು. ಸುಮಾರು 300 ಸಣ್ಣ ಬ್ಯಾಂಕುಗಳ ಯುಪಿಐ, ಎಟಿಎಂ ಸೇವೆಗೆ ಪೆಟ್ಟಾಯಿತು. ಬೇರ್ಪಡಿಸಿದ್ದು ಸರಿಯೇ. ಆದರೆ ಒಬ್ಬನೇ ಒದಗಿಸುವವನನ್ನು ನೆಚ್ಚಿದ ಬ್ಯಾಂಕಿಗೆ ಹೊರಳಲು ಬೇರೆ ದಾರಿ ಇರಲಿಲ್ಲ.

ಕ್ಲೌಡ್ ನಿಜವಾಗಿ ಉಪಯೋಗಕ್ಕೆ ಬರಬೇಕಾದದ್ದು ಇಂಥ ಬ್ಯಾಂಕುಗಳಿಗೆ. ಹಿಂದೆ ಬದಲಿ ಕೇಂದ್ರವೆಂದರೆ ವರ್ಷವಿಡೀ ಸುಮ್ಮನೆ ಕೂತ ಯಂತ್ರಗಳಿಗೆ ಬಂಡವಾಳ, ಕರೆಂಟು, ಕಾವಲು. ಈಗ ದತ್ತಾಂಶವನ್ನಷ್ಟೇ ಸದಾ ನಕಲು ಮಾಡುತ್ತಾ, ಸರ್ವರ್‌ಗಳನ್ನು ಡ್ರಿಲ್ ಅಥವಾ ವಿಪತ್ತಿನ ದಿನ ಮಾತ್ರ ಎಬ್ಬಿಸಿ ಗಂಟೆಯ ಲೆಕ್ಕದಲ್ಲಿ ಬಾಡಿಗೆ ಕೊಡಬಹುದು. ಇಡೀ ದಿನದ ಡ್ರಿಲ್ ದುಬಾರಿ ಎನ್ನುವ ಹಳೆಯ ಸಬೂಬು ಇಲ್ಲಿ ನಡೆಯುವುದಿಲ್ಲ.