ಪೆಟ್ಟಿಗೆಯ ಮೇಲಿನ ವ್ಯಾಟು, ಒಳಗಿನ ತಾಪ

ಉಷ್ಣ ಬೇರೆ, ತಾಪ ಬೇರೆ ಎಂದು ಪದವಿಪೂರ್ವ ತರಗತಿಯ ಮೊದಲ ವಾರದಲ್ಲೇ ಹೇಳಿಕೊಡುತ್ತೇವೆ. ಉಷ್ಣ ಶಕ್ತಿಯ ಒಂದು ರೂಪ. ತಾಪ ಆ ಶಕ್ತಿ ಯಾವ ಕಡೆಗೆ ಹರಿಯುತ್ತದೆ ಎಂಬುದನ್ನು ತೀರ್ಮಾನಿಸುವ ಪರಿಮಾಣ. ವಿದ್ಯಾರ್ಥಿಗಳು ಇದನ್ನು ಬರೆದುಕೊಂಡು ಪರೀಕ್ಷೆಯಲ್ಲಿ ಎರಡು ಅಂಕ ಪಡೆದು ಮರೆಯುತ್ತಾರೆ. ಅವರನ್ನು ದೂರಿ ಪ್ರಯೋಜನವಿಲ್ಲ. ಗಣಕದ ಸಂಸ್ಕಾರಕವನ್ನು ತಂಪಾಗಿಸಲು ಮಾರಾಟವಾಗುವ ಕೂಲರ್‌ಗಳ ಪೆಟ್ಟಿಗೆಯನ್ನು ಬರೆಯುವ ಇಂಜಿನಿಯರುಗಳೂ ಇದನ್ನು ಮರೆತಂತೆಯೇ ಬರೆಯುತ್ತಾರೆ. ಈ ಲೇಖನ ಆ ಪೆಟ್ಟಿಗೆಗಳ ಮೇಲಿನ ಬರಹದ ವಿಮರ್ಶೆ.

ಕಳೆದ ಬೇಸಗೆಯಲ್ಲಿ ಹೊಸದುರ್ಗದಿಂದ ಒಬ್ಬ ಹಳೆಯ ವಿದ್ಯಾರ್ಥಿ ದೂರವಾಣಿ ಮಾಡಿದ. ಈಗ ಆತನದು ಅಲ್ಲಿ ಫೋಟೋ ಸ್ಟುಡಿಯೋ. ಮದುವೆಯ ಆಲ್ಬಮ್, ವಿಡಿಯೋ ಸಂಕಲನ ಮಾಡುತ್ತಾನೆ. "ಸಾರ್, ನಾಕು ಸಾವಿರ ಕೊಟ್ಟು ಬೆಂಗಳೂರಿಂದ ಕೂಲರ್ ತರಿಸ್ದೆ. ಪೆಟ್ಟಿಗೆ ಮೇಲೆ 220 ವ್ಯಾಟ್ ಅಂತ ಬರ್ದವ್ರೆ. ನನ್ನ ಪ್ರೊಸೆಸರ್ 105 ವ್ಯಾಟಿಂದು. ಡಬಲ್ ಆಯ್ತಲ್ಲ ಸಾರ್? ಆದ್ರೂ ಮಧ್ಯಾಹ್ನ ಎರಡು ಗಂಟೆ ಆದ್ರೆ ಸಾಕು, ಕೆಲ್ಸ ಅರ್ಧಕ್ಕೆ ನಿಂತು ತಾನೇ ರೀಸ್ಟಾರ್ಟ್ ಆಗುತ್ತೆ" ಎಂದ. ಅದು ಮದುವೆಯ ಕಾಲ. ಒಪ್ಪಿಕೊಂಡ ಕೆಲಸ ಕೈಯಲ್ಲಿತ್ತು, ಮುಂಗಡವೂ ಖರ್ಚಾಗಿತ್ತು.

ಎರಡು ಪಟ್ಟು ಎಂಬ ಅವನ ಲೆಕ್ಕ ನೋಡಲು ಸರಿಯಾಗಿದೆ. 105ರ ಎದುರು 220. ಆದರೆ ಈ ಎರಡು ಸಂಖ್ಯೆಗಳಿಗೆ ಏಕಮಾನ ಒಂದೇ ಆದರೂ ಅವು ಒಂದೇ ಸಂಗತಿಯನ್ನು ಹೇಳುತ್ತಿಲ್ಲ.

ಮೊದಲು 105ನ್ನು ನೋಡಿ. ಎಎಂಡಿ ಕಂಪನಿ ತನ್ನ ರೈಜೆನ್ ಸಂಸ್ಕಾರಕಗಳಿಗೆ ಈ ಸಂಖ್ಯೆಯನ್ನು ಪಡೆಯುವ ಸೂತ್ರವನ್ನು ತಾನೇ ತಿಳಿಸಿದೆ. ಸಂಸ್ಕಾರಕದ ಲೋಹದ ಮುಚ್ಚಳದ ತಾಪದಿಂದ ಕೂಲರಿನ ಫ್ಯಾನಿಗೆ ಬರುವ ಗಾಳಿಯ ತಾಪವನ್ನು ಕಳೆದು, ಕೂಲರಿನ ಉಷ್ಣರೋಧದಿಂದ ಭಾಗಿಸಬೇಕು. 105 ವ್ಯಾಟಿನ ಮಾದರಿಗೆ ಮುಚ್ಚಳ 61.8 ಡಿಗ್ರಿ, ಗಾಳಿ 42 ಡಿಗ್ರಿ, ಉಷ್ಣರೋಧ ವ್ಯಾಟಿಗೆ 0.189 ಡಿಗ್ರಿ. ವ್ಯತ್ಯಾಸ 19.8, ಭಾಗಿಸಿದರೆ 104.8. ಅಂದರೆ ಇದು ಸಂಸ್ಕಾರಕ ಬಳಸುವ ವಿದ್ಯುತ್ತಿನ ಅಳತೆ ಅಲ್ಲ. ಎಂಥ ಕೂಲರ್ ಬೇಕು ಎಂಬ ಶಿಫಾರಸು, ವ್ಯಾಟಿನ ವೇಷದಲ್ಲಿ. ಅದೇ ಸಂಸ್ಕಾರಕಕ್ಕೆ ನಿಜವಾಗಿ ಅನುಮತಿ ಇರುವ ವಿದ್ಯುತ್ತು 142 ವ್ಯಾಟ್, ಹೆಸರಿನ ಸಂಖ್ಯೆಯ 1.35 ಪಟ್ಟು. ಇಂಟೆಲ್ ಈಗ ಎರಡೂ ಅಂಕಿಗಳನ್ನು ಕೊಡುತ್ತದೆ. 2022ರಲ್ಲಿ ಬಂದ ಕೋರ್ ಐ9-13900ಕೆ ಮಾದರಿಗೆ ಮೂಲ ಸಾಮರ್ಥ್ಯ 125 ವ್ಯಾಟ್, ಗರಿಷ್ಠ 253. ಅಂಗಡಿಯವರು ಹೇಳುವುದು ಸಾಮಾನ್ಯವಾಗಿ ಚಿಕ್ಕದನ್ನು.

ಎಎಂಡಿಯ ಸೂತ್ರದಲ್ಲಿ ನನಗೆ ಮೆಚ್ಚುಗೆಯಾದದ್ದು ಒಂದಿದೆ. ಅದರಲ್ಲಿ ಗಾಳಿಯ ತಾಪ ಇದೆ, ಅದೂ 42 ಡಿಗ್ರಿ. ಕೂಲರಿನ ಪೆಟ್ಟಿಗೆಯ 220ರ ಪಕ್ಕದಲ್ಲಿ ಅಂಥದ್ದೇನೂ ಇರಲಿಲ್ಲ. 220 ವ್ಯಾಟ್ ಸಾಗಿಸುತ್ತದೆ, ಸರಿ. ಎಷ್ಟು ತಾಪವ್ಯತ್ಯಾಸ ಇದ್ದಾಗ? ಯಾವ ತಾಪದ ಗಾಳಿಯಲ್ಲಿ? ಇದನ್ನು ಹೇಳದೆ ವ್ಯಾಟ್ ಮಾತ್ರ ಹೇಳುವುದೆಂದರೆ, ನೀರಿನ ಮಟ್ಟ ಹೇಳದೆ ಕಾಲುವೆಯಲ್ಲಿ ಎಷ್ಟು ನೀರು ಹರಿಯುತ್ತದೆ ಎಂದಂತೆ. ಹಿರಿಯೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಾಣಿವಿಲಾಸ ಸಾಗರದ ಕಾಲುವೆಗಳ ನೀರು ಕಾಲುವೆಯ ಅಗಲವನ್ನಷ್ಟೇ ನೆಚ್ಚಿಕೊಂಡಿಲ್ಲ, ಜಲಾಶಯದ ಮಟ್ಟವನ್ನೂ ನೆಚ್ಚಿಕೊಂಡಿದೆ.

ಉದಾಹರಣೆಗೆ ಒಂದು ಕೂಲರಿನ ಉಷ್ಣರೋಧ ವ್ಯಾಟಿಗೆ 0.2 ಡಿಗ್ರಿ ಎಂದಿಟ್ಟುಕೊಳ್ಳಿ. 220 ವ್ಯಾಟ್ ಹರಿದಾಗ ಮುಚ್ಚಳ ಗಾಳಿಗಿಂತ 44 ಡಿಗ್ರಿ ಬಿಸಿಯಾಗಿರುತ್ತದೆ. ಹವಾನಿಯಂತ್ರಿತ ಪ್ರಯೋಗಾಲಯದಲ್ಲಿ ಗಾಳಿ 22 ಡಿಗ್ರಿ ಇದ್ದರೆ ಮುಚ್ಚಳ 66. ತೊಂದರೆಯಿಲ್ಲ. ಫ್ಯಾನಿಗೆ ಬರುವ ಗಾಳಿಯೇ 47 ಇದ್ದರೆ ಮುಚ್ಚಳ 91. ಮುಚ್ಚಳದ ಒಳಗಿನ ಸಿಲಿಕಾನ್ ಚೂರು ಅದಕ್ಕಿಂತಲೂ ಬಿಸಿ. ರೈಜೆನ್ 7000 ಶ್ರೇಣಿಗೆ 95 ಡಿಗ್ರಿ ಗರಿಷ್ಠ ಮಿತಿ, ಇಂಟೆಲಿನ ಹಲವು ಮಾದರಿಗಳಿಗೆ 100. ಅದೇ ಕೂಲರ್, ಅದೇ 220 ವ್ಯಾಟ್. ಒಂದು ಕೋಣೆಯಲ್ಲಿ ಪೆಟ್ಟಿಗೆಯ ಮಾತು ನಿಜ, ಇನ್ನೊಂದರಲ್ಲಿ ಸುಳ್ಳು.

47 ಎಂಬ ಅಂಕಿಯನ್ನು ನಾನು ಸುಮ್ಮನೆ ಆರಿಸಿಕೊಂಡಿಲ್ಲ. ಅದನ್ನು ಹೇಳುವ ಮುನ್ನ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು.

ದೂರವಾಣಿಯಲ್ಲಿ ಕೇಳಿದ ಕೂಡಲೇ ನಾನು ಪೇಸ್ಟಿನ ಮೇಲೆ ಅನುಮಾನಪಟ್ಟೆ. ಸಂಸ್ಕಾರಕದ ಮುಚ್ಚಳಕ್ಕೂ ಕೂಲರಿನ ತಳಕ್ಕೂ ನಡುವೆ ಹಚ್ಚುವ ಬೂದುಬಣ್ಣದ ಲೇಪ ಅದು. ಒಳ್ಳೆಯದನ್ನು ಹಚ್ಚಪ್ಪ ಎಂದೆ. ಪಾಪ, ಅವನು ಏಳುನೂರು ರೂಪಾಯಿಯ ಟ್ಯೂಬ್ ತರಿಸಿ ಹಚ್ಚಿದ. ಒಂದು ಡಿಗ್ರಿ ಇಳಿಯಿತು. ಮೊದಲೇ ಲೆಕ್ಕ ಹಾಕಿದ್ದರೆ ಆ ಹಣ ಉಳಿಯುತ್ತಿತ್ತು. ಉಷ್ಣ ಹೆಚ್ಚಾಗಿ ಹಾದುಹೋಗುವ ಪ್ರದೇಶ 4 ಚದರ ಸೆಂಟಿಮೀಟರ್, ಲೇಪದ ದಪ್ಪ 0.05 ಮಿಲಿಮೀಟರ್, ವಾಹಕತೆ 5 ಏಕಮಾನ ಎಂದುಕೊಂಡರೆ 100 ವ್ಯಾಟಿಗೆ ಲೇಪದ ಎರಡು ಬದಿಯ ನಡುವಿನ ವ್ಯತ್ಯಾಸ ಎರಡೂವರೆ ಡಿಗ್ರಿ. ವಾಹಕತೆ 10 ಇರುವ ದುಬಾರಿ ಲೇಪದಲ್ಲಿ ಅದು ಒಂದೂಕಾಲು. ಲಾಭ ಅಷ್ಟೇ. ಬದಲಿಗೆ ಅದೇ ಅಗ್ಗದ ಲೇಪವನ್ನು ರೊಟ್ಟಿಗೆ ಬೆಣ್ಣೆ ಮೆತ್ತಿದಂತೆ 0.2 ಮಿಲಿಮೀಟರ್ ದಪ್ಪಕ್ಕೆ ಮೆತ್ತಿದರೆ ವ್ಯತ್ಯಾಸ ಹತ್ತು ಡಿಗ್ರಿ. ಲೇಪದ ಕೆಲಸ ಉಷ್ಣವನ್ನು ಸಾಗಿಸುವುದಕ್ಕಿಂತ ಗಾಳಿಯನ್ನು ಹೊರಗಿಡುವುದು. ತಾಮ್ರದ ವಾಹಕತೆ ಸುಮಾರು 400, ಲೇಪದ್ದು ಅದರ ಎಂಬತ್ತನೆಯ ಒಂದು ಪಾಲು, ಗಾಳಿಯದು ಲೇಪದ್ದರ ಇನ್ನೂರನೆಯ ಒಂದು ಪಾಲು. ಹಾಗಾಗಿ ಬಟಾಣಿ ಕಾಳಿನಷ್ಟು ಸಾಕು. ಕೂಲರಿನ ಒತ್ತಡವೇ ಅದನ್ನು ಹರಡುತ್ತದೆ.

ಆ ಒತ್ತಡ ಸಮವಾಗಿ ಬೀಳಬೇಕಾದರೆ ತಿರುಪುಗಳನ್ನು ಕರ್ಣದ ಜೋಡಿಯಾಗಿ, ಒಂದಕ್ಕೆ ಎರಡು ಸುತ್ತು, ಎದುರಿನದಕ್ಕೆ ಎರಡು ಸುತ್ತು ಎಂಬಂತೆ ಬಿಗಿಯಬೇಕು. ಕಾರಿನ ಚಕ್ರದ ನಟ್ಟುಗಳನ್ನು ಬಿಗಿಯುವ ಯಾವ ಗ್ಯಾರೇಜಿನ ಹುಡುಗನಿಗೂ ಗೊತ್ತಿರುವ ವಿಷಯ. ಕೂಲರಿನ ಜೊತೆ ಬಂದ ಕಾಗದದಲ್ಲಿ ಇದಕ್ಕೊಂದು ಪದವೂ ಇಲ್ಲ, ಬಾಣದ ಗುರುತುಗಳಿರುವ ಚಿತ್ರ ಮಾತ್ರ. ತಳಕ್ಕೆ ಅಂಟಿಸಿದ ಪಾರದರ್ಶಕ ಹಾಳೆಯನ್ನು ತೆಗೆಯಿರಿ ಎಂಬ ಎಚ್ಚರಿಕೆ ಆ ಹಾಳೆಯ ಮೇಲೆಯೇ ಇರುತ್ತದೆ, ಇಂಗ್ಲಿಷಿನಲ್ಲಿ, ಇರುವೆಯ ಗಾತ್ರದ ಅಕ್ಷರಗಳಲ್ಲಿ. ಅದನ್ನು ತೆಗೆಯದೆಯೇ ಕೂರಿಸಿದ ಎರಡು ಯಂತ್ರಗಳನ್ನು ನಾನು ಹೊಳಲ್ಕೆರೆಯಲ್ಲಿ ಕಂಡಿದ್ದೇನೆ.

ಹೊಸದುರ್ಗದ ಯಂತ್ರದಲ್ಲಿ ಹಾಳೆ ತೆಗೆದಿತ್ತು, ತಿರುಪು ಸರಿಯಿತ್ತು. ಒಂದು ಭಾನುವಾರ ನಾನೇ ಹೋದೆ, ಪ್ರಯೋಗಾಲಯದ ಡಿಜಿಟಲ್ ತಾಪಮಾಪಕವನ್ನು ಚೀಲದಲ್ಲಿ ಹಾಕಿಕೊಂಡು. ಕ್ಯಾಬಿನೆಟ್ಟು ಮೇಜಿನ ಕೆಳಗಿನ ಮರದ ಗೂಡಿನಲ್ಲಿ, ಗೋಡೆಗೆ ಆತು ಕುಳಿತಿತ್ತು. ಮುಂಭಾಗ ಪೂರ್ತಿ ಗಾಜು, ಒಳಗೆ ಬಣ್ಣದ ದೀಪಗಳು. ಗಾಳಿ ಬರಬೇಕಾದ ಪಕ್ಕದ ಸಣ್ಣ ಸೀಳಿನ ಜಾಲರಿಯಲ್ಲಿ ಕೆಂಪು ದೂಳು ಕಂಬಳಿಯಂತೆ ಕೂತಿತ್ತು. ಕೋಣೆ 37 ಡಿಗ್ರಿ. ಕೂಲರಿನ ಫ್ಯಾನಿನ ಮುಂದೆ ತಾಪಮಾಪಕದ ತುದಿ ಇಟ್ಟರೆ 47. ಗೂಡಿನಿಂದ ಹೊರಕ್ಕೆ ಎಳೆದು, ಜಾಲರಿ ತೊಳೆದು, ಪಕ್ಕದ ಬಾಗಿಲು ತೆಗೆದು ಅರ್ಧ ಗಂಟೆ ಓಡಿಸಿದಾಗ 39. ಸಂಸ್ಕಾರಕವೂ ಹೆಚ್ಚುಕಡಿಮೆ ಅಷ್ಟೇ, ಎಂಟು ಡಿಗ್ರಿ ಇಳಿಯಿತು.

ಇಳಿಯಲೇಬೇಕು. ಸಿಲಿಕಾನ್, ಮುಚ್ಚಳ, ಲೇಪ, ತಾಮ್ರದ ತಳ, ಉಷ್ಣನಳಿಕೆ, ಅಲ್ಯೂಮಿನಿಯಮ್ ತಗಡು, ಗಾಳಿ, ಇವೆಲ್ಲ ಶ್ರೇಣಿಯಲ್ಲಿ ಜೋಡಿಸಿದ ರೋಧಕಗಳು. ಓಮ್ 1827ರಲ್ಲಿ ತನ್ನ ನಿಯಮವನ್ನು ಪ್ರಕಟಿಸಿದಾಗ ಅವನ ಎದುರಿಗಿದ್ದ ಮಾದರಿ 1822ರ ಫೂರಿಯೆಯ ಉಷ್ಣವಹನ ಸಿದ್ಧಾಂತ. ಮೊದಲು ಬಂದದ್ದು ಉಷ್ಣದ ಲೆಕ್ಕವೇ. ಸರಣಿಯ ಒಂದು ತುದಿಯಲ್ಲಿ ಗಾಳಿ ಎಂಟು ಡಿಗ್ರಿ ಇಳಿದರೆ ಇನ್ನೊಂದು ತುದಿಯೂ ಸುಮಾರು ಅಷ್ಟೇ ಇಳಿಯುತ್ತದೆ. ಇದಕ್ಕೆ ಬೇಕಾದದ್ದು ಒಂದು ಬ್ರಷ್ಷು, ಒಂದು ಸ್ಕ್ರೂಡ್ರೈವರು.

ನಮ್ಮ ಪ್ರದೇಶದ ಇನ್ನೊಂದು ಸಂಗತಿ ಪೆಟ್ಟಿಗೆಗೆ ಗೊತ್ತಿಲ್ಲ. ಫ್ಯಾನು ಗಾಳಿಯ ಗಾತ್ರವನ್ನು ತಳ್ಳುತ್ತದೆ, ಉಷ್ಣವನ್ನು ಒಯ್ಯುವುದು ಅದರ ದ್ರವ್ಯರಾಶಿ. ಚಿತ್ರದುರ್ಗ ಸಮುದ್ರಮಟ್ಟಕ್ಕಿಂತ ಸುಮಾರು 730 ಮೀಟರ್ ಎತ್ತರದಲ್ಲಿದೆ. ಅಲ್ಲಿ 38 ಡಿಗ್ರಿ ತಾಪದ ಗಾಳಿಯ ಸಾಂದ್ರತೆ ಘನಮೀಟರಿಗೆ ಸುಮಾರು 1.04 ಕಿಲೋಗ್ರಾಂ. ಸಮುದ್ರಮಟ್ಟದಲ್ಲಿ 20 ಡಿಗ್ರಿಯಲ್ಲಿ 1.2. ಶೇಕಡ 13ರಷ್ಟು ಕಡಿಮೆ. ಇದು ಪ್ರಳಯವೇನಲ್ಲ, ಆದರೆ ಬಿಸಿ ಗಾಳಿಯ ಜೊತೆಗೆ ತೆಳು ಗಾಳಿ ಎಂಬ ಎರಡನೆಯ ತೆರಿಗೆ.

ಇಷ್ಟಾದ ಮೇಲೂ ಯಂತ್ರ ಒಮ್ಮೆ ನಿಂತಿತು. ಆಗ ಬಯಲಾಯಿತು, ಅವನ ಅಕ್ಕನ ಮಗ ಅದನ್ನು ಓವರ್‌ಕ್ಲಾಕ್ ಮಾಡಿದ್ದ, ಎಂದರೆ ತಯಾರಕರು ಗೊತ್ತುಮಾಡಿದ್ದಕ್ಕಿಂತ ಹೆಚ್ಚು ಆವೃತ್ತಿಯಲ್ಲಿ ಓಡಿಸುತ್ತಿದ್ದ. "ಹತ್ತು ಪರ್ಸೆಂಟ್ ಅಷ್ಟೇ ಸಾರ್, ಕೂಲರ್ ಡಬಲ್ ಇದೆಯಲ್ಲ" ಎಂದ ಹುಡುಗ. ಪೆಟ್ಟಿಗೆಯ ಸಂಖ್ಯೆ ಇಲ್ಲಿ ನಿಜವಾದ ಹಾನಿ ಮಾಡಿದೆ. ಸಂಸ್ಕಾರಕದ ಚಾಲನಾ ಸಾಮರ್ಥ್ಯ ಆವೃತ್ತಿಗೂ ವಿಭವದ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ಆವೃತ್ತಿಯನ್ನು ಶೇಕಡ 10 ಏರಿಸಿ, ಅದು ಅಸ್ಥಿರವಾಗದಿರಲೆಂದು ವಿಭವವನ್ನೂ ಶೇಕಡ 10 ಏರಿಸಿದರೆ 1.1ರ ಘನ, ಅಂದರೆ 1.33. ಉಷ್ಣ ಶೇಕಡ 33 ಹೆಚ್ಚು. ಬಿಸಿ ಏರಿದಂತೆ ಸೋರುವ ವಿದ್ಯುತ್ತೂ ಏರುವುದರಿಂದ ನಿಜದಲ್ಲಿ ಇನ್ನೂ ಸ್ವಲ್ಪ ಹೆಚ್ಚು. ಪ್ರತಿಫಲವೇನು? ಅರ್ಧ ಗಂಟೆಯ ವಿಡಿಯೋ ಕೆಲಸ ಬಹಳವೆಂದರೆ ಇಪ್ಪತ್ತೇಳು ನಿಮಿಷಕ್ಕೆ ಮುಗಿಯುತ್ತದೆ. ಅರ್ಧದಲ್ಲಿ ನಿಂತರೆ ಇಪ್ಪತ್ತೇಳೂ ಹೋಯಿತು.

ಹುಡುಗನನ್ನು ನಾನು ಗದರಲಿಲ್ಲ. ಅವನು ಕೈ ಹಾಕಿ ನೋಡಿದ್ದಾನೆ, ನಮ್ಮ ಅನೇಕ ಪದವೀಧರರು ಅಷ್ಟೂ ಮಾಡುವುದಿಲ್ಲ. ಓವರ್‌ಕ್ಲಾಕಿಂಗನ್ನು ಪಾಪವೆಂದು ನಾನು ತಿಳಿದಿಲ್ಲ. ಚಳಿಗಾಲದ ರಾತ್ರಿ, ತೆರೆದ ಮೇಜಿನ ಮೇಲೆ, ತನ್ನದೇ ಯಂತ್ರದಲ್ಲಿ, ಒಂದೊಂದೇ ಹೆಜ್ಜೆ ಏರಿಸಿ ತಾಪವನ್ನು ಪುಸ್ತಕದಲ್ಲಿ ಗುರುತಿಸಿಕೊಳ್ಳುವ ವಿದ್ಯಾರ್ಥಿ ನ್ಯೂಟನ್ನನ ತಂಪಾಗುವಿಕೆಯ ನಿಯಮವನ್ನು ನನ್ನ ಪಾಠಕ್ಕಿಂತ ಚೆನ್ನಾಗಿ ಕಲಿಯುತ್ತಾನೆ. ಆದರೆ ತಾಪ ಒಂದನ್ನೇ ಕಾದುಕೊಂಡರೆ ಸಾಲದು. ಇಂಟೆಲಿನ 13 ಮತ್ತು 14ನೆಯ ಪೀಳಿಗೆಯ ಕೆಲವು ಸಂಸ್ಕಾರಕಗಳು ಅಸ್ಥಿರವಾದಾಗ ಕಂಪನಿ 2024ರಲ್ಲಿ ಬೆರಳು ಮಾಡಿದ್ದು ಅಗತ್ಯಕ್ಕಿಂತ ಹೆಚ್ಚಿನ ವಿಭವದ ಕಡೆಗೆ. ತಿದ್ದುಪಡಿ ಬಿಡುಗಡೆ ಮಾಡಿ, ವಾರಂಟಿಯನ್ನೂ ಎರಡು ವರ್ಷ ವಿಸ್ತರಿಸಿತು. ಯಾವ ಕೂಲರೂ ವಿಭವದಿಂದಾಗುವ ಹಾನಿಯನ್ನು ಪೂರ್ತಿ ತಡೆಯಲಾರದು.

ಒಂದು ಉಪಕಥೆ. ನಮ್ಮ ಊರುಗಳಲ್ಲಿ ಇಡೀ ಡಬ್ಬಕ್ಕೇ 'ಸಿಪಿಯು' ಎನ್ನುವ ರೂಢಿ. ಹಿರಿಯೂರಿನ ಒಂದು ಡಿಟಿಪಿ ಅಂಗಡಿಯಲ್ಲಿ 'ಸಿಪಿಯು ಕೂಲರ್' ಇದೆ ಎಂದರು. ನೋಡಿದರೆ ನೀರು ತುಂಬಿಸುವ ಕೋಣೆಯ ಏರ್ ಕೂಲರನ್ನು ಡಬ್ಬಕ್ಕೆ ಮುಖಮಾಡಿ ಇಟ್ಟಿದ್ದರು! ನಕ್ಕುಬಿಡುವಂತಿಲ್ಲ, ಅದರಲ್ಲಿ ಅರ್ಧ ವಿಜ್ಞಾನವಿದೆ. 38 ಡಿಗ್ರಿ, ಶೇಕಡ 25 ಆರ್ದ್ರತೆಯ ಗಾಳಿಯ ಒದ್ದೆಬಲ್ಬ್ ತಾಪ ಸುಮಾರು 23. ನಮ್ಮ ಒಣ ಹವೆಯಲ್ಲಿ ಬಾಷ್ಪೀಕರಣ ಚೆನ್ನಾಗಿ ಕೆಲಸ ಮಾಡುತ್ತದೆ. ಕೋಣೆಯನ್ನು ಹಾಗೆ ತಂಪಾಗಿಸಬಹುದು. ನೇರವಾಗಿ ಡಬ್ಬಕ್ಕೆ ಊದಿದರೆ ಮಾತ್ರ ಗಡಸು ಕೊಳವೆಬಾವಿ ನೀರಿನ ತುಂತುರು ಮದರ್‌ಬೋರ್ಡಿನ ಮೇಲೆ ಒಣಗಿ ಬಿಳಿ ಲವಣ ಉಳಿಸುತ್ತದೆ.

ವಿಮರ್ಶೆಗೆ ಮರಳುತ್ತೇನೆ. ಪೆಟ್ಟಿಗೆಯಲ್ಲಿ ಏನಿರಬೇಕಿತ್ತು ಎಂದು ಕೇಳುವುದು ನ್ಯಾಯ. ಉತ್ತರ ನಮ್ಮ ಗೋಡೆಗಳ ಮೇಲೆಯೇ ಇದೆ. ಕೋಣೆಯ ಏರ್‌ ಕಂಡೀಷನರುಗಳ ನಕ್ಷತ್ರ ಪಟ್ಟಿಗೆ 2018ರಿಂದ ಕಡ್ಡಾಯವಾಗಿರುವ ಅಳತೆ ಭಾರತದ ಹವೆಗೆಂದೇ ರೂಪಿಸಿದ್ದು. ಹೊರಗಿನ ತಾಪ 24ರಿಂದ 43 ಡಿಗ್ರಿಯವರೆಗೆ ಎಂದು ಹಿಡಿದು ಲೆಕ್ಕ ಹಾಕುತ್ತಾರೆ. ಕೂಲರಿನ ಪೆಟ್ಟಿಗೆಯ ಮೇಲೂ 40 ಡಿಗ್ರಿ ಗಾಳಿಯಲ್ಲಿ, ಇಂತಿಷ್ಟು ಶಬ್ದದಲ್ಲಿ, ವ್ಯಾಟಿಗೆ ಎಷ್ಟು ಡಿಗ್ರಿ ಎಂಬ ಒಂದು ಸಾಲು ಅಚ್ಚುಮಾಡಲು ಖರ್ಚೇನೂ ಇಲ್ಲ. ಅಂಥ ಅಳತೆ ಮಾಡದೆ ಯಾವ ತಯಾರಕನೂ ಕೂಲರ್ ವಿನ್ಯಾಸ ಮಾಡಲಾರ. ಅಳತೆ ಇದೆ, ಅಚ್ಚಾಗಿಲ್ಲ. ಅಚ್ಚಾದರೆ ಆರು ಸಾವಿರದ ಕೂಲರೂ ಎರಡು ಸಾವಿರದ್ದೂ ಅಕ್ಕಪಕ್ಕ ನಿಂತು, ವ್ಯತ್ಯಾಸ ಎಷ್ಟು ಕಡಿಮೆ ಎಂಬುದು ಎಲ್ಲರಿಗೂ ಕಾಣುತ್ತದೆ.

ಕೂಲರಿನ ಬಗ್ಗೆ ಎರಡು ಒಳ್ಳೆಯ ಮಾತನ್ನೂ ಹೇಳಬೇಕು. ಅದರ ನಾಲ್ಕು ಉಷ್ಣನಳಿಕೆಗಳ ಕೆಲಸ ಅಚ್ಚುಕಟ್ಟಾಗಿತ್ತು. ಕಡಿಮೆ ಒತ್ತಡದಲ್ಲಿ ತುಂಬಿಟ್ಟ ಚೂರು ನೀರು ತಳದಲ್ಲಿ ಆವಿಯಾಗಿ, ಮೇಲೆ ದ್ರವವಾಗಿ, ಒಳಗೋಡೆಯ ಬತ್ತಿಯ ಮೂಲಕ ಹಿಂತಿರುಗುತ್ತದೆ. ಅದೇ ಗಾತ್ರದ ಗಟ್ಟಿ ತಾಮ್ರದ ಸರಳು ಇದರ ಹತ್ತಿರ ಸುಳಿಯದು. ವಸ್ತು ಒಳ್ಳೆಯದು, ಬರಹ ಕೆಟ್ಟದ್ದು.

ನಾವು ಹುಡುಗನನ್ನೇ ಕೂರಿಸಿ ಆವೃತ್ತಿ, ವಿಭವಗಳನ್ನು ಮೊದಲಿನ ಸ್ಥಿತಿಗೆ ತಂದೆವು. ಆಮೇಲೆ ಸಂಸ್ಕಾರಕವನ್ನು ಅದರ ಸ್ವಂತ ಮಿತವ್ಯಯ ಸ್ಥಿತಿಗೆ, ಅಂದರೆ 65 ವ್ಯಾಟಿನ ದರ್ಜೆಗೆ ಇಳಿಸಿದೆವು. ಆಗ ಅನುಮತಿಯ ವಿದ್ಯುತ್ತು 142ರಿಂದ 88 ವ್ಯಾಟಿಗೆ ಬರುತ್ತದೆ. ವೇಗ ಅಷ್ಟು ಬೀಳುವುದಿಲ್ಲ, ಯಾಕೆಂದರೆ ಘನದ ಲೆಕ್ಕ ಇಳಿಯುವಾಗಲೂ ಅನ್ವಯಿಸುತ್ತದೆ. ಕ್ಯಾಬಿನೆಟ್ಟು ಈಗ ಮೇಜಿನ ಮೇಲಿದೆ, ಮುಂಭಾಗದ ಗಾಜು ತೆಗೆದು ಸೊಳ್ಳೆಪರದೆಯ ಬಲೆ ಕಟ್ಟಿದ್ದಾರೆ. ಬಣ್ಣದ ದೀಪ ಹೋಯಿತೆಂದು ಹುಡುಗನಿಗೆ ಸ್ವಲ್ಪ ಬೇಸರ. ಬಲೆಯನ್ನು ಹದಿನೈದು ದಿನಕ್ಕೊಮ್ಮೆ ತೊಳೆಯುವ ಕೆಲಸವೂ ಅವನಿಗೇ ಬಿದ್ದಿದೆ.